ತಿಂಡಿ ಬಿಡುವ ಹೈಸ್ಕೂಲ್ ಮಕ್ಕಳು ದಾರಿ ತಪ್ಪುತ್ತಾರಾ?

ಪ್ರಶ್ನೆ: ನನ್ನ ಮಗ ಹತ್ತನೇ ಕ್ಲಾಸು. ಬೆಳಿಗ್ಗೆ ಆರೂವರೆಗೆ ಟ್ಯೂಷನ್, ಅಲ್ಲಿಂದ ಸೀದಾ ಸ್ಕೂಲು. ತಿಂಡಿ ತಿನ್ನು ಅಂದರೆ ಹಸಿವಿಲ್ಲ ಅನ್ನುತ್ತಾನೆ, ಒಂದು ಲೋಟ ಕಾಫಿ ಕುಡಿದು ಹೊರಡುತ್ತಾನೆ. ಟ್ಯೂಷನ್ ಪಕ್ಕದ ಬೇಕರಿಯಲ್ಲಿ ಪಫ್ಸು, ಎನರ್ಜಿ ಡ್ರಿಂಕು ತಗೋತಾನೆ ಅಂತ ಇತ್ತೀಚೆಗೆ ಗೊತ್ತಾಯಿತು. ಮೊನ್ನೆ ಪೋಷಕರ ಸಭೆಯಲ್ಲಿ ಮೇಷ್ಟ್ರು, ‘ತಿಂಡಿ ತಿನ್ನದೆ ಬರುವ ಮಕ್ಕಳೇ ಮುಂದೆ ಸಿಗರೇಟು, ಗುಟ್ಕಾ ಅಂತ ಹಾಳಾಗುವುದು, ಸಂಶೋಧನೆಯೇ ಹೇಳುತ್ತದೆ’ ಅಂದರು. ಅವತ್ತಿನಿಂದ ನನಗೆ ಸಮಾಧಾನವೇ ಇಲ್ಲ. ಎಂಟನೇ ಕ್ಲಾಸಿನ ಮಗಳೂ ದಪ್ಪ ಆಗುತ್ತೀನಿ ಅಂತ ತಿಂಡಿ ಬಿಡಲು ಶುರು ಮಾಡಿದ್ದಾಳೆ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ಏನು ಮಾಡಲಿ ಡಾಕ್ಟ್ರೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಉಳಿದರ್ಧ ನಿಮ್ಮನ್ನು ಸುಮ್ನೆ ಹೆದರಿಸಿದೆ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಮಾತು ಈಗ ಎಲ್ಲ ಪೋಷಕರ ಸಭೆಯಲ್ಲೂ ಓಡಾಡುತ್ತಿದೆ, ಮತ್ತು ಇದನ್ನು ಕೇಳಿ ಮನೆಗೆ ಹೋದ ಅಪ್ಪ ಅಮ್ಮ ಮೊದಲು ಮಾಡುವ ಕೆಲಸ ಮಗನ ಬ್ಯಾಗ್ ಜಾಲಾಡುವುದು.

ಮೊದಲು ನಿಜ. ಹದಿಹರೆಯದವರಲ್ಲಿ ತಿಂಡಿ ಬಿಡುವುದು ಮತ್ತು ಬೇರೆ ಕೆಲವು ಅಭ್ಯಾಸಗಳು ಜೊತೆಯಾಗಿ ಕಾಣಿಸುತ್ತವೆ. ಫಿನ್‌ಲೆಂಡಿನಲ್ಲಿ ಹದಿನಾರು ವರ್ಷದ ಅವಳಿ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕೇಳಿ ಮಾಡಿದ ಒಂದು ದೊಡ್ಡ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತಿಂಡಿ ಬಿಡುವವರಲ್ಲಿ ಸಿಗರೇಟು, ಆಗಾಗ ಕುಡಿತ, ವ್ಯಾಯಾಮ ಇಲ್ಲದಿರುವುದು, ತೂಕ ಏರಿರುವುದು ಇವೆಲ್ಲ ಜಾಸ್ತಿ ಕಂಡವು. ಅದೇ ಅಧ್ಯಯನದ ಇನ್ನೊಂದು ವಿಷಯವನ್ನು ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಮಗು ತಿಂಡಿ ತಿನ್ನುತ್ತದಾ ಇಲ್ಲವಾ ಅನ್ನುವುದರ ಜೊತೆ ಎಲ್ಲಕ್ಕಿಂತ ಗಟ್ಟಿಯಾಗಿ ಹೊಂದಿಕೊಂಡಿದ್ದು ಅಪ್ಪ ಅಮ್ಮ ತಿಂಡಿ ತಿನ್ನುತ್ತಾರಾ ಇಲ್ಲವಾ ಅನ್ನುವುದು. ನಿಮ್ಮಿಬ್ಬರ ಬೆಳಗಿನ ತಿಂಡಿ ಹೇಗೆ ನಡೆಯುತ್ತದೆ? ನೀವು ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದು ಲೋಟ ಕಾಫಿ ಕುಡಿದು ಬಸ್ಸಿಗೆ ಓಡುವವರಾದರೆ ಮಗ ಕಲಿತದ್ದೂ ಅದನ್ನೇ. ತಪ್ಪು ಹೊರಿಸಲು ಈ ಮಾತು ಹೇಳುತ್ತಿಲ್ಲ, ಕೆಲಸಕ್ಕೆ ಹೋಗುವ ತಾಯಂದಿರ ಬೆಳಗು ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಆದರೆ ಬದಲಾವಣೆ ಶುರು ಮಾಡಲು ಇದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ.

ಈಗ ಹೆದರಿಕೆಯ ಭಾಗ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1991ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿನ ಹೈಸ್ಕೂಲ್ ಮಕ್ಕಳ ಸಮೀಕ್ಷೆ ಮಾಡುತ್ತಾ ಬಂದಿದೆ. ಸಿಗರೇಟು, ಕುಡಿತ, ಹೊಡೆದಾಟ, ನಿದ್ದೆ, ಊಟ, ಮನಸ್ಸಿನ ಬೇಸರ ಎಲ್ಲವನ್ನೂ ಕೇಳುತ್ತಾರೆ. 2021ರ ಸುತ್ತಿನಲ್ಲಿ ನಾಲ್ಕರಲ್ಲಿ ಮೂರು ಮಕ್ಕಳು ಹಿಂದಿನ ವಾರದಲ್ಲಿ ಒಂದು ದಿನವಾದರೂ ತಿಂಡಿ ಬಿಟ್ಟಿದ್ದರು. ಅಂದರೆ ಹೆಚ್ಚುಕಮ್ಮಿ ಎಲ್ಲರ ಮನೆ ಕಥೆಯೂ ಇದೇ. ಅವರಲ್ಲಿ ಬಹುಪಾಲು ಮಕ್ಕಳು ಸಿಗರೇಟು ಮುಟ್ಟಿದವರಲ್ಲ. ಎರಡು ಅಭ್ಯಾಸ ಒಟ್ಟಿಗೆ ಕಂಡವು ಅಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತು ಅಂತ ಆಗುವುದಿಲ್ಲ.

ಎಷ್ಟೋ ಸಲ ಸಂಬಂಧ ಉಲ್ಟಾ ಇರುತ್ತದೆ. ನಿಕೋಟಿನ್ ಹಸಿವನ್ನು ಕೊಲ್ಲುತ್ತದೆ. ಹಾಗಾಗಿ ತಂಬಾಕು ಶುರು ಮಾಡಿದ ಹುಡುಗನಿಗೆ ತಿಂಡಿ ಬೇಡ ಅನ್ನಿಸಬಹುದು. ರಾತ್ರಿ ಒಂದು ಗಂಟೆವರೆಗೆ ಫೋನ್ ನೋಡುವವನಿಗೆ ಬೆಳಿಗ್ಗೆ ಆರಕ್ಕೆ ಹಸಿವಿರುವುದಿಲ್ಲ. ಮನಸ್ಸು ಕುಗ್ಗಿದ ಮಗುವಿಗೂ ಹಸಿವಿರುವುದಿಲ್ಲ. ಅಪ್ಪ ಅಮ್ಮ ಬೆಳಕು ಹರಿಯುವ ಮುಂಚೆಯೇ ಕೂಲಿಗೆ ಹೋಗಬೇಕಾದ ಮನೆಯಲ್ಲಿ ಒಲೆಯೇ ಹಚ್ಚಿರುವುದಿಲ್ಲ, ಅಲ್ಲಿನ ಮಗುವನ್ನು ‘ತಿಂಡಿ ಬಿಡುವವನು’ ಅಂತ ಕರೆಯುವುದೇ ಅನ್ಯಾಯ. ಬೆಳಗಿನ ಖಾಲಿ ತಟ್ಟೆ ಹಿಂದೆ ಇಷ್ಟೆಲ್ಲ ಇರಬಹುದು. ಅದಕ್ಕೇ ನಾನು ಪೋಷಕರಿಗೆ ಹೇಳುವುದು ಒಂದೇ ಮಾತು: ಮಗು ತಿಂಡಿ ಬಿಟ್ಟಿತು ಅಂತ ಬೈಯುವ ಮುಂಚೆ ಯಾಕೆ ಬಿಟ್ಟಿತು ಅಂತ ಹುಡುಕಿ. ಉತ್ತರ ಮುಕ್ಕಾಲು ಪಾಲು ಹಿಂದಿನ ರಾತ್ರಿಯಲ್ಲಿ ಸಿಗುತ್ತದೆ.

ಹತ್ತನೇ ಕ್ಲಾಸಿನ ಹುಡುಗನ ಒಂದು ದಿನ ನೋಡೋಣ. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಇದು ತೀರಾ ಮಾಮೂಲು. ಸಂಜೆ ಸ್ಕೂಲು ಬಿಟ್ಟು ಮತ್ತೊಂದು ಟ್ಯೂಷನ್, ಮುಗಿಯುವಾಗ ಎಂಟೂವರೆ. ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹೊಟ್ಟೆ ತುಂಬಿರುತ್ತದೆ, ಊಟ ಹತ್ತೂವರೆಗೆ. ಆಮೇಲೆ ಹೋಂವರ್ಕು. ಹೋಂವರ್ಕಿನ ಫೋಟೋ ಕ್ಲಾಸಿನ ವಾಟ್ಸಾಪ್ ಗ್ರೂಪಿಗೇ ಬರುವುದರಿಂದ ಫೋನ್ ಕಿತ್ತುಕೊಳ್ಳುವಂತೆಯೂ ಇಲ್ಲ. ಮಲಗಿದಾಗ ಹನ್ನೆರಡೂವರೆ. ಅಲಾರಾಂ ಐದೂಮುಕ್ಕಾಲಿಗೆ. ಐದು ಗಂಟೆ ಚಿಲ್ಲರೆ ನಿದ್ದೆ. ಈ ವಯಸ್ಸಿಗೆ ಬೇಕಾಗಿರುವುದು ಎಂಟರಿಂದ ಹತ್ತು ಗಂಟೆ. ಜೊತೆಗೆ ಹದಿಹರೆಯದಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸುರಿಯುತ್ತದೆ, ಬೆಳಿಗ್ಗೆ ತಡವಾಗಿ ಇಳಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಇದೇ ಕಾರಣಕ್ಕೆ 2014ರಲ್ಲಿ ಹೈಸ್ಕೂಲುಗಳನ್ನು ಎಂಟೂವರೆಗಿಂತ ಮುಂಚೆ ಶುರು ಮಾಡಬೇಡಿ ಅಂತ ಹೇಳಿತು. ನಾವು ಆರೂವರೆಗೆ ತ್ರಿಕೋನಮಿತಿ ಹೇಳಿಕೊಡುತ್ತಿದ್ದೇವೆ.

ಹಾಗಾಗಿ ನಿಮ್ಮ ಮಗ ಆರು ಗಂಟೆಗೆ ‘ಹಸಿವಿಲ್ಲ’ ಅಂದರೆ ಅವನು ಸುಳ್ಳು ಹೇಳುತ್ತಿಲ್ಲ. ನಿಜವಾಗಲೂ ಹಸಿವಿಲ್ಲ. ಆ ಹೊತ್ತಿಗೆ ಅವನ ದೇಹದ ಪಾಲಿಗೆ ಇನ್ನೂ ರಾತ್ರಿ.

ಹಸಿವು ಬರುವುದು ಎಂಟು, ಎಂಟೂವರೆಗೆ, ಟ್ಯೂಷನ್ ಮುಗಿಯುವ ಹೊತ್ತಿಗೆ. ಆಗ ಅವನ ಎದುರಿಗಿರುವುದು ಬೇಕರಿ. ಒಂದು ಸಲ ಅಲ್ಲಿಗೆ ನೀವೇ ಹೋಗಿ, ಆ ಎನರ್ಜಿ ಡ್ರಿಂಕಿನ ಬಾಟಲಿ ಕೈಗೆ ತೆಗೆದುಕೊಂಡು ಹಿಂದೆ ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ ಇದು ಮಕ್ಕಳಿಗೆ ಸೂಕ್ತವಲ್ಲ ಅಂತ ಬರೆದಿರುತ್ತದೆ. ಹಾಗೆ ಬರೆಯಲೇಬೇಕು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಹಾಕಲು ಅವಕಾಶ ಇದೆ, ಅಂದರೆ 250 ಎಂಎಲ್ ಬಾಟಲಿಯಲ್ಲಿ 75 ಮಿಲಿಗ್ರಾಂ ತನಕ ಇರಬಹುದು. ಸಕ್ಕರೆ ಬೇರೆ. ಮನೆಯಲ್ಲಿ ಕುಡಿದ ಕಾಫಿಯ ಮೇಲೆ ಇದು. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಟ್ಯೂಷನ್ನಿಗೆ ಮುಂಚೆ ಇನ್ನೊಂದು ಕುಡಿದರೆ ಅದು ಹನ್ನೊಂದು ಗಂಟೆಗೂ ಮೈಯಲ್ಲೇ ಇರುತ್ತದೆ. ನಿದ್ದೆ ಇನ್ನೂ ತಡ, ಬೆಳಿಗ್ಗೆ ಹಸಿವು ಇನ್ನೂ ಕಮ್ಮಿ, ಮತ್ತೆ ಕಾಫಿ, ಮತ್ತೆ ಬಾಟಲಿ. ನಿಮ್ಮ ಮಗನ ವಿಷಯದಲ್ಲಿ ನನಗೆ ಗುಟ್ಕಾಗಿಂತ ಮೊದಲು ಚಿಂತೆಯಾಗಿದ್ದು ಇದು. ಯಾಕೆಂದರೆ ಇದು ಆಗಲೇ ಶುರುವಾಗಿದೆ, ಮತ್ತು ಅದನ್ನು ಯಾರೂ ಕೆಟ್ಟ ಚಟ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಫ್ಸಿನ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಾರಕ್ಕೊಂದು ತಿಂದರೆ ಏನೂ ಆಗುವುದಿಲ್ಲ. ದಿನಾ ಅದೇ ತಿಂಡಿ ಆದರೆ ಮೈದಾ, ವನಸ್ಪತಿ, ಉಪ್ಪು ಬಿಟ್ಟು ಬೇರೇನೂ ಒಳಗೆ ಹೋಗುವುದಿಲ್ಲ, ಅಷ್ಟೇ.

ಏನು ಮಾಡುವುದು ಅಂತ ಕೇಳಿದಿರಿ. ಆರು ಗಂಟೆಗೆ ಅವನ ಮುಂದೆ ನಾಲ್ಕು ಇಡ್ಲಿ ಇಟ್ಟು ಜಗಳ ಆಡುವುದನ್ನು ಇವತ್ತೇ ನಿಲ್ಲಿಸಿ. ತಿಂಡಿಯನ್ನು ಎರಡು ಭಾಗ ಮಾಡಿ. ಹೊರಡುವ ಮುಂಚೆ ಕುಡಿಯುವಂಥದ್ದು, ಟ್ಯೂಷನ್ ಮುಗಿದ ಮೇಲೆ ಡಬ್ಬಿಯಲ್ಲಿ ತಿನ್ನುವಂಥದ್ದು. ಕುಡಿಯಲು ರಾಗಿ ಅಂಬಲಿ ಅಥವಾ ಹಾಲು ಹಾಕಿದ ರಾಗಿ ಮಾಲ್ಟು ಸಾಕು. ಹಿಟ್ಟನ್ನು ರಾತ್ರಿಯೇ ನೀರಿನಲ್ಲಿ ಕಲಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಕುದಿಸಲು ಐದು ನಿಮಿಷ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮೂಳೆ ಬೆಳೆಯುವ ಈ ವಯಸ್ಸಿಗೆ ಅದು ಬೇಕೇ ಬೇಕು. ಅದೂ ಇಳಿಯಲ್ಲ ಅಂದರೆ ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಶೇಂಗಾ ಜೇಬಿಗೆ ಹಾಕಿ ಕಳಿಸಿ. ಮೂವತ್ತು ಗ್ರಾಂ ಶೇಂಗಾದಲ್ಲಿ ಏಳು ಗ್ರಾಂ ಆಸುಪಾಸು ಪ್ರೊಟೀನ್ ಇರುತ್ತದೆ, ಒಂದು ಮೊಟ್ಟೆಗಿಂತ ಕಮ್ಮಿ ಅಲ್ಲ.

ಡಬ್ಬಿಗೆ ಏನು ಹಾಕಬೇಕು ಅನ್ನುವುದಕ್ಕೆ ನಿಮ್ಮ ಕಡೆಯ ಅಡುಗೆಮನೆಯೇ ಸಾಕು. ಜೋಳದ ರೊಟ್ಟಿ ಸುತ್ತಿ ಒಳಗೆ ಶೇಂಗಾ ಚಟ್ನಿಪುಡಿ, ಮೊಸರು. ಚಪಾತಿಯಲ್ಲಿ ಮೊಟ್ಟೆ ಪಲ್ಯ. ಚಿತ್ರಾನ್ನಕ್ಕೆ ಕಡಲೆಬೇಳೆ ಶೇಂಗಾ ಎರಡರಷ್ಟು ಹಾಕಿ, ಪಕ್ಕದಲ್ಲಿ ಬೇಯಿಸಿದ ಮೊಟ್ಟೆ ಅಥವಾ ಹೆಸರುಕಾಳು ಉಸ್ಲಿ ಇಡಿ. ರಾತ್ರಿ ಉಳಿದ ಅನ್ನಕ್ಕೆ ಹಾಲು ಮೊಸರು ಕಲಸಿಟ್ಟರೆ ಬೆಳಿಗ್ಗೆ ಒಗ್ಗರಣೆ ಹಾಕುವುದೊಂದೇ ಕೆಲಸ. ಒಬ್ಬರೇ ಎಲ್ಲ ಮಾಡಬೇಕಿಲ್ಲ. ಯಜಮಾನರಿಗೆ ಮೊಟ್ಟೆ ಬೇಯಿಸಲು ಬರುತ್ತದೆ, ಮಗನಿಗೂ ಬರುತ್ತದೆ. ರಾತ್ರಿ ಡಬ್ಬಿ ತೊಳೆದು ಇಡುವುದು, ರಾಗಿ ಕಲಸುವುದು ಮಕ್ಕಳ ಕೆಲಸ ಆಗಲಿ. ತಾವೇ ಕಟ್ಟಿಕೊಂಡ ಡಬ್ಬಿಯನ್ನು ಹುಡುಗರು ತಿನ್ನದೆ ವಾಪಸ್ ತರುವುದು ಕಮ್ಮಿ.

ಕಾಫಿ ಬೇಕೇ ಬೇಕು ಅಂದರೆ ಏನಾದರೂ ತಿಂದ ಮೇಲೆ ಕುಡಿಯಲಿ, ಒಂದೇ ಲೋಟ. ಎನರ್ಜಿ ಡ್ರಿಂಕು ಪೂರ್ತಿ ನಿಲ್ಲಬೇಕು, ಆದರೆ ಬಾಟಲಿ ಮೇಲಿನ ಆ ಸಾಲನ್ನು ಅವನಿಗೇ ಓದಲು ಹೇಳಿ. ದುಡ್ಡು ನಿಲ್ಲಿಸಿ ತಡೆಯಲು ಹೋದರೆ ಗೆಳೆಯನ ದುಡ್ಡಿನಲ್ಲಿ ಕುಡಿಯುತ್ತಾನೆ. ದಿನಾ ಎರಡು ಮೂರು ಕುಡಿಯುತ್ತಿದ್ದರೆ ದಿಢೀರ್ ನಿಲ್ಲಿಸಿದಾಗ ಒಂದೆರಡು ದಿನ ತಲೆನೋವು, ಸಿಡುಕು ಇರುತ್ತದೆ. ನಾಟಕ ಅಂದುಕೊಳ್ಳಬೇಡಿ.

ರಾತ್ರಿಯ ಊಟ ಎಂಟೂವರೆ, ಒಂಬತ್ತಕ್ಕೆ ಬರಲಿ. ಫೋನ್ ಹನ್ನೊಂದಕ್ಕೆ ಹಾಲ್‌ನಲ್ಲಿ ಚಾರ್ಜಿಗೆ ಹೋಗಲಿ, ನಿಮ್ಮದೂ ಅದೇ ಜಾಗಕ್ಕೆ. ಅವನ ಫೋನ್ ಮಾತ್ರ ಹೊರಗಿಟ್ಟು ನೀವು ಮಂಚದ ಮೇಲೆ ರೀಲ್ಸ್ ನೋಡುತ್ತಿದ್ದರೆ ಈ ನಿಯಮ ಒಂದು ವಾರವೂ ನಿಲ್ಲುವುದಿಲ್ಲ. ಬೆಳಗಿನ ಟ್ಯೂಷನ್ ನಿಜವಾಗಲೂ ಬೇಕಾ ಅಂತಲೂ ಒಮ್ಮೆ ಮನೆಯವರೆಲ್ಲ ಕೂತು ಯೋಚಿಸಿ. ಐದು ಗಂಟೆ ನಿದ್ದೆ ಮಾಡಿ, ಹೊಟ್ಟೆ ಖಾಲಿ ಇಟ್ಟುಕೊಂಡು ಕೇಳಿದ ಪಾಠ ತಲೆಗೆ ಹತ್ತುವುದು ಕಷ್ಟ. ಆ ಒಂದು ಗಂಟೆ ನಿದ್ದೆಗೆ ಸಿಕ್ಕರೆ ಮಾರ್ಕ್ಸಿಗೂ ಲಾಭವೇ ಅಂತ ನನ್ನ ಅಭಿಪ್ರಾಯ.

ಮೇಷ್ಟ್ರ ಹತ್ತಿರವೂ ಮಾತಾಡಿ, ಜಗಳಕ್ಕಲ್ಲ. ವಿಶೇಷ ತರಗತಿಗೂ ಪ್ರಾರ್ಥನೆಗೂ ಮಧ್ಯೆ ಮಕ್ಕಳು ಡಬ್ಬಿ ಬಿಚ್ಚಲು ಹದಿನೈದು ನಿಮಿಷ ಕೊಡಿ ಅಂತ ಕೇಳಿ. ಇದು ಸಣ್ಣ ವಿಷಯ ಅಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಬಿಸಿಲಿಗೆ ನಿಂತ ಹುಡುಗಿ ಮುಖ ಬಿಳಿಚಿಕೊಂಡು, ಬೆವರಿ, ಕಣ್ಣು ಕತ್ತಲೆ ಬಂದು ಕುಸಿಯುತ್ತಾಳೆ. ಯಾರೋ ನೀರು ಚಿಮುಕಿಸಿ, ಗ್ಲೂಕೋಸ್ ಕುಡಿಸಿ ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿಸುತ್ತಾರೆ. ಹೈಸ್ಕೂಲ್ ಶಿಕ್ಷಕರನ್ನು ಕೇಳಿ, ಇದನ್ನು ನೋಡದವರು ಇರಲಿಕ್ಕಿಲ್ಲ. ರಾತ್ರಿ ಎಂಟು ಗಂಟೆಗೆ ಊಟ ಮಾಡಿದ ಮಗು ಮರುದಿನ ಮಧ್ಯಾಹ್ನ ಒಂದೂವರೆಯ ಬಿಸಿಯೂಟದವರೆಗೆ ಏನೂ ತಿನ್ನದಿದ್ದರೆ ಹದಿನೇಳು ಗಂಟೆಗೂ ಮೇಲಾಯಿತು.

ನಿಮ್ಮ ಮಕ್ಕಳ ಶಾಲೆ ಸರ್ಕಾರಿ ಅಥವಾ ಅನುದಾನಿತ ಆದರೆ ಅಲ್ಲೇ ಸಿಗುವುದನ್ನು ಬಿಡಿಸಬೇಡಿ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಇದೆ, 2024ರಿಂದ ವಾರಕ್ಕೆ ಮೂರು ದಿನ ಅದರಲ್ಲಿ ರಾಗಿ ಮಾಲ್ಟು ಬೆರೆಸಿ ಕೊಡುತ್ತಿದ್ದಾರೆ, ಹತ್ತನೇ ಕ್ಲಾಸಿನವರೆಗೂ. ಮೊಟ್ಟೆಯೂ ಬಂದಿದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹೈಸ್ಕೂಲಿಗೆ ಬಂದ ಮೇಲೆ ಲೋಟ ಹಿಡಿದು ಸಾಲಿನಲ್ಲಿ ನಿಲ್ಲಲು ಕೆಲವು ಮಕ್ಕಳಿಗೆ ನಾಚಿಕೆ. ಶಿಕ್ಷಕರೂ ಅದೇ ಹಾಲು ಮಕ್ಕಳ ಎದುರಿಗೆ ಕುಡಿದರೆ ಆ ನಾಚಿಕೆ ಹೋಗುತ್ತದೆ. ತಮಿಳುನಾಡಿನಲ್ಲಿ 2022ರ ಸೆಪ್ಟೆಂಬರಿನಿಂದ ಪ್ರಾಥಮಿಕ ಶಾಲೆ ಮಕ್ಕಳಿಗೆ ಬಿಸಿ ತಿಂಡಿಯನ್ನೇ ಕೊಡುತ್ತಿದ್ದಾರೆ. ನಮ್ಮ ಹೈಸ್ಕೂಲುಗಳಿಗೂ ಅಂಥದ್ದು ಬರಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಮನೆಯಲ್ಲಿ ಒಲೆ ಹಚ್ಚಲು ಆಗದವರಿಗೆ ನಾನು ಮೇಲೆ ಬರೆದ ಯಾವ ಸಲಹೆಯೂ ಉಪಯೋಗಕ್ಕೆ ಬರುವುದಿಲ್ಲವಲ್ಲ.

ಇನ್ನು ತಂಬಾಕು. ನೀವು ಕೇಳಿದ್ದರಿಂದ ಹೇಳುತ್ತೇನೆ, ಸುಮ್ನೆ ಅನುಮಾನ ಪಡಲು ಅಲ್ಲ. ನಮ್ಮ ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧ ಆಯಿತು. ಆದರೆ ಪಾನ್ ಮಸಾಲದ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು ಅಂತ ಜೋಡಿಯಾಗಿ ಸಿಗುತ್ತವೆ, ಅಂಗೈಯಲ್ಲಿ ಎರಡನ್ನೂ ಸೇರಿಸಿ ಬಾಯಿಗೆ ಹಾಕಿಕೊಂಡರೆ ಆಯಿತು. ತಂಬಾಕಿಲ್ಲದ ಪೊಟ್ಟಣವೂ ಒಳ್ಳೆಯದಲ್ಲ. ಅದರಲ್ಲಿರುವ ಅಡಿಕೆಯೇ ಬಾಯಿಯ ಒಳಚರ್ಮವನ್ನು ಗಡುಸು ಮಾಡುತ್ತದೆ. ಮಗ ಬ್ರಷ್ ಮಾಡುವಾಗ ಗಮನಿಸಿ. ಬಾಯಿ ಪೂರ್ತಿ ತೆರೆಯಲು ಆಗಬೇಕು, ತನ್ನದೇ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಮೇಲಿನ ಕೆಳಗಿನ ಹಲ್ಲುಗಳ ಮಧ್ಯೆ ಇಡುವಷ್ಟು. ಮೊದಲು ಖಾರ ಇಷ್ಟಪಟ್ಟು ತಿನ್ನುತ್ತಿದ್ದವನು ಈಗ ಸಾರು ತಿಂದರೂ ಬಾಯಿ ಉರಿ ಅನ್ನುತ್ತಿದ್ದರೆ ದಂತವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇಂಥದ್ದೇನೂ ಇಲ್ಲ, ಗೆಳೆಯರ ಬಳಗ ಹಾಗೇ ಇದೆ, ದುಡ್ಡು ಕಾಣೆಯಾಗುತ್ತಿಲ್ಲ, ನಿಮ್ಮ ಹತ್ತಿರ ಮಾತು ಬಿಟ್ಟಿಲ್ಲ ಅಂದರೆ ನೆಮ್ಮದಿಯಾಗಿರಿ. ಇದ್ದರೂ ಹೊಡೆಯಲು ಹೋಗಬೇಡಿ. ತಂಬಾಕು ಬಿಡಿಸಲು 1800112356ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು.

ಮಗಳ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಆದರೆ ನಿಜ ಹೇಳಬೇಕೆಂದರೆ ಮಗನಿಗಿಂತ ಅವಳ ಕಡೆ ಈಗ ಜಾಸ್ತಿ ಗಮನ ಬೇಕು. ಹುಡುಗ ಬಿಟ್ಟದ್ದು ಆ ಹೊತ್ತಿಗೆ ಹಸಿವಿಲ್ಲದ್ದಕ್ಕೆ. ಅವಳು ಬಿಟ್ಟದ್ದು ತನ್ನ ಮೈ ಬಗ್ಗೆ ಬೇಸರ ಬಂದು. ಯಾರು ಏನಂದರು ಅಂತ ಮೆತ್ತಗೆ ಕೇಳಿ. ಎಷ್ಟೋ ಸಲ ಮಾತು ಮನೆಯಿಂದಲೇ ಹೊರಟಿರುತ್ತದೆ, ಹಬ್ಬಕ್ಕೆ ಬಂದ ಅತ್ತೆಯೋ ಚಿಕ್ಕಮ್ಮನೋ ‘ಏನೇ ಇಷ್ಟು ಊದಿದ್ದೀಯಾ’ ಅಂದಿರುತ್ತಾರೆ. ಇನ್ನು ಮುಂದೆ ಅವಳ ತೂಕದ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಬಾರದು, ಹೊಗಳಿಕೆಯೂ ಬೇಡ. ತಿಂಡಿ ಬಿಟ್ಟರೆ ಸಣ್ಣ ಆಗುತ್ತಾರೆ, ತಿಂದರೆ ಸಣ್ಣ ಆಗುತ್ತಾರೆ ಅಂತ ಎರಡೂ ಕಡೆ ವಾದ ಇದೆ. 2019ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆ, ತಿಂಡಿ ತಿಂದರೆ ತೂಕ ಇಳಿಯುತ್ತದೆ ಅನ್ನುವುದಕ್ಕೆ ಒಳ್ಳೆ ಪುರಾವೆ ಇಲ್ಲ ಅಂತಲೇ ಹೇಳಿತು. ಆದರೆ ಅದು ದೊಡ್ಡವರ ಲೆಕ್ಕ. ಹದಿಮೂರು ವರ್ಷದ ಹುಡುಗಿ ಈಗ ಬೆಳೆಯುತ್ತಿದ್ದಾಳೆ, ಈಗ ತೂಕ ಏರುವುದು ಸಹಜ, ಏರಲೇಬೇಕು.

ಅವಳಿಗೆ ಕಬ್ಬಿಣಾಂಶ ಬೇಕು. 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಬೇಕು ಅಂತ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಬೆಳೆದ ಗಂಡಸಿಗೆ ಬೇಕಾಗಿರುವುದು 19. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ತಿಂಡಿ ಬಿಟ್ಟರೆ ಈ ಲೆಕ್ಕ ತುಂಬುವುದು ಇನ್ನೂ ಕಷ್ಟ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಕಬ್ಬಿಣದ್ದೇ. ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ, ಹೊಟ್ಟೆ ತೊಳಸು ಬರುತ್ತದೆ, ಆಮೇಲೆ ಮಕ್ಕಳು ಮಾತ್ರೆಯನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ. ಊಟ ಆದ ಮೇಲೆ ನುಂಗಲಿ. ಊಟದ ಜೊತೆ ನಿಂಬೆರಸ, ಸೀಬೆಹಣ್ಣು, ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಆಸುಪಾಸು ಟೀ ಕಾಫಿ ಕುಡಿದರೆ ಹತ್ತುವುದಿಲ್ಲ, ಒಂದು ಗಂಟೆಯಾದರೂ ಬಿಡುವು ಇರಲಿ.

ಈ ವಾರದಲ್ಲೇ ಇಬ್ಬರನ್ನೂ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಹುಡುಗನದೂ ನೋಡಿಸಿ, ಗಂಡುಮಕ್ಕಳಿಗೆ ರಕ್ತ ಕಮ್ಮಿ ಇರುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ. 12ರಿಂದ 14 ವರ್ಷಕ್ಕೆ 12 ಗ್ರಾಂಗಿಂತ ಕೆಳಗೆ ಬಂದರೆ ರಕ್ತಹೀನತೆ, ಆಮೇಲೆ ಹುಡುಗಿಗೆ 12, ಹುಡುಗನಿಗೆ 13. ಮಗಳು ಊಟವನ್ನೂ ಬಿಡಲು ಶುರು ಮಾಡಿದರೆ, ಉಂಡ ತಕ್ಷಣ ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದರೆ, ಬರುತ್ತಿದ್ದ ಮುಟ್ಟು ಎರಡು ಮೂರು ತಿಂಗಳು ನಿಂತರೆ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಮಗನಾಗಲಿ ಮಗಳಾಗಲಿ ಎರಡು ವಾರಕ್ಕಿಂತ ಜಾಸ್ತಿ ಮಂಕಾಗಿ, ಯಾವುದರಲ್ಲೂ ಆಸಕ್ತಿ ಇಲ್ಲದೆ ಇದ್ದರೆ, ಅಥವಾ ಬದುಕು ಬೇಡ ಅನ್ನುವ ಮಾತು ಒಮ್ಮೆ ಆಡಿದರೂ, ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.